ಪೇಷಂಟ್ ಕಡೆಯವರು

ಆಸ್ಪತ್ರೆಗೆ ಸೇರಿದವರಿಗೆ ಒಂದು ಹಾಸಿಗೆ, ಹಾಸಿಗೆಗೊಂದು ನಂಬರು, ಮಣಿಕಟ್ಟಿಗೆ ಹೆಸರಿನ ಪಟ್ಟಿ, ಕಾಲ ಬಳಿ ತೂಗುವ ಫೈಲು, ಹೊತ್ತುಹೊತ್ತಿಗೆ ಬಂದು ನಾಡಿ ನೋಡುವ ಜನ, ಇಷ್ಟೂ ದೊರೆಯುತ್ತವೆ. ಜೊತೆಗೆ ಹೋದವರಿಗೆ ದೊರೆಯುವುದು ಒಂದು ಪ್ಲಾಸ್ಟಿಕ್ ಕುರ್ಚಿ. ನೀರು ತರಲೆಂದು ಅದನ್ನು ಬಿಟ್ಟು ಎದ್ದರೆ, ಮರಳಿ ಬರುವಷ್ಟರಲ್ಲಿ ಪಕ್ಕದ ಬೆಡ್ಡಿನವರ ಬೀಗರು ಅದರ ಮೇಲೆ ಕೂತಿರುತ್ತಾರೆ. ಹೆಸರಂತೂ ಇಲ್ಲವೇ ಇಲ್ಲ. ನೀವು ಹೆಡ್‌ಮಾಸ್ತರರಾಗಿರಿ, ಹೈಕೋರ್ಟಿನ ವಕೀಲರಾಗಿರಿ, ಆ ಗಾಜಿನ ಬಾಗಿಲು ದಾಟಿದ ಮೇಲೆ ನೀವು 'ಪೇಷಂಟ್ ಕಡೆಯವರು'. ಕಾರಿಡಾರಿನ ಆ ತುದಿಯಿಂದ ಯಾರಾದರೂ ಹಾಗೆಂದು ಕೂಗಿದರೆ ಈ ತುದಿಯಲ್ಲಿ ಹತ್ತು ಹನ್ನೆರಡು ಜನ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ನಿಟ್ಟುಸಿರುಬಿಟ್ಟು ಮತ್ತೆ ಕೂರುತ್ತಾರೆ. ಆ ಒಬ್ಬರ ಕೈಗೆ ಒಂದು ಚೀಟಿ ಬರುತ್ತದೆ: ಕೆಳಗೆ ಹೋಗಿ ಔಷಧಿ ತನ್ನಿ, ಹಣ ಕಟ್ಟಿ ಬನ್ನಿ, ಇಲ್ಲಿ ಸಹಿ ಹಾಕಿ.

ಹೈದರಾಬಾದಿನಲ್ಲಿ ಇದೇ ಕೂಗು ತೆಲುಗಿನಲ್ಲಿ ಬರುತ್ತದೆ. 'ಪೇಷಂಟ್ ತಾಲೂಕು ಎವರು?' ಅಪ್ಪನನ್ನು ತಾರ್ನಾಕದ ನಮ್ಮ ಮನೆಗೆ ಹತ್ತಿರದ ಆಸ್ಪತ್ರೆಯೊಂದಕ್ಕೆ ಸೇರಿಸಿದ ದಿನ ಕುರ್ಚಿಯ ಮೇಲೆ ಕೂತಿದ್ದವರು ನನ್ನ ಸೋದರತ್ತೆ. ಕೂಗು ಕೇಳಿದ್ದೇ ಸೆರಗು ಸರಿಮಾಡಿಕೊಂಡು ಎದ್ದು, 'ಸೇಡಂ ತಾಲೂಕ್ರೀ, ಕಲಬುರಗಿ ಜಿಲ್ಲಾ' ಎಂದರು. ಕೌಂಟರಿನ ಹುಡುಗಿ ಅದನ್ನು ಹಾಗೆಯೇ ಕಂಪ್ಯೂಟರಿಗೆ ಏರಿಸಿಬಿಟ್ಟಳು. ಅಲ್ಲಿಂದ ಮುಂದೆ ಬಂದ ಪ್ರತಿ ರಸೀದಿಯಲ್ಲೂ ರೋಗಿಯ ಸಂಬಂಧಿಯ ಹೆಸರು ಇರಬೇಕಾದ ಕಡೆ 'ಸೇಡಂ' ಎಂದೇ ಅಚ್ಚಾಗುತ್ತಿತ್ತು. ತಿದ್ದಿಸಲು ನನಗೆ ಮನಸ್ಸಾಗಲಿಲ್ಲ. ಇಡೀ ಊರೇ ಕಡೆಯವರಾಗಿ ನಿಂತಿರುವಾಗ ನನ್ನೊಬ್ಬಳ ಹೆಸರು ಏಕೆ?

ಅದು ಅಷ್ಟೇನೂ ಸುಳ್ಳಲ್ಲ. ಕಲಬುರಗಿ, ಬೀದರ, ರಾಯಚೂರು ಸೀಮೆಯ ಜನಕ್ಕೆ ಸರ್ಕಾರಿ ಕೆಲಸಕ್ಕೆ ಬೆಂಗಳೂರು, ಕಾಯಿಲೆಗೆ ಹೈದರಾಬಾದು. 1956ರಲ್ಲಿ ರಾಜ್ಯದ ಗಡಿ ಬದಲಾಯಿತೇ ಹೊರತು ಕಾಯಿಲೆಯ ದಾರಿ ಬದಲಾಗಲಿಲ್ಲ. ತಾಂಡೂರಿನ ಮೇಲೆ ಬರುವ ರೈಲು ಹತ್ತಿದರೆ ಸಾಕು, ಮಿಕ್ಕಿದ್ದಕ್ಕೆ ತಾರ್ನಾಕದಲ್ಲಿ ಮಾಸ್ತರರ ಮಗಳ, ಅಂದರೆ ನನ್ನ, ಮನೆಯಿದೆ. ಒಂದು ಬದಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯ, ಇನ್ನೊಂದು ಬದಿಗೆ ಲಾಲಾಗುಡದ ರೈಲ್ವೆ ಕ್ವಾರ್ಟರ್ಸು, ನಡುವೆ ಹೆಸರಿನ ಬದಲು ನಂಬರು ಹೊತ್ತ ಬೀದಿಗಳು. ಎಂಥವರೂ ಹುಡುಕಿಕೊಂಡು ಬರಬಹುದು, ಬರುತ್ತಾರೆ. ಸೇಡಂ ಕಡೆಯ ಭೂಮಿ ಹೆಸರಾದದ್ದು ಹಾಸುಗಲ್ಲಿಗೆ. ನಮ್ಮ ಮನೆಗೆ ಬರುವವರದು ಮೂತ್ರಪಿಂಡದ ಕಲ್ಲು, ಪಿತ್ತಕೋಶದ ಕಲ್ಲು. ಬರುವಾಗ ಎರಡು ಸೇರು ತೊಗರಿಬೇಳೆ ತರುತ್ತಾರೆ, ಹೋಗುವಾಗ ಕಲ್ಲನ್ನು ಶೀಶೆಯಲ್ಲಿ ಹಾಕಿಸಿಕೊಂಡು ಊರಿಗೆ ತೋರಿಸಲು ಒಯ್ಯುತ್ತಾರೆ.

ಅಪ್ಪ ಹೈಸ್ಕೂಲಿನ ಕನ್ನಡ ಮಾಸ್ತರರಾಗಿ ನಿವೃತ್ತರಾದವರು. ಮಳಖೇಡ ನಮ್ಮ ತಾಲೂಕಿನಲ್ಲೇ ಇರುವುದರಿಂದ ನೃಪತುಂಗನ ಬಗ್ಗೆ ಅವರಿಗೆ ಊರಿನವನೆಂಬ ಸಲಿಗೆ. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಕನ್ನಡ ಶಾಲೆಯ ಮುಂದೆ ಹಾದುಹೋಗುವಾಗಲೆಲ್ಲ, 'ನಮ್ಮ ಕಡೀ ಮನಷಾನ ಹೆಸರು' ಎನ್ನುತ್ತಾರೆ. ಎಂಬತ್ತಾರನೇ ವಯಸ್ಸಿನ ವರೆಗೆ ಆಸ್ಪತ್ರೆಗೆ ಹೋದದ್ದೆಲ್ಲ ಬೇರೆಯವರನ್ನು ನೋಡಲಿಕ್ಕೆ. ಈ ಸಲ ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ನ್ಯುಮೋನಿಯಾ ಆಗಿ, ತಾವೇ ಹಾಸಿಗೆ ಹಿಡಿದರು.

ಐಸಿಯು ಒಳಗೆ ಕರೆದುಕೊಂಡರೆಂದರೆ ಸ್ವಲ್ಪ ಹೊತ್ತಿಗೆ ಒಂದು ಪ್ಲಾಸ್ಟಿಕ್ ಕವರು ಹೊರಗೆ ಬರುತ್ತದೆ. ಅದರಲ್ಲಿ ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಮಷಿನ್ನು, ವಾಚು, ಮಡಿಸಿದ ಧೋತರ. ಒಬ್ಬ ಮಾಸ್ತರರನ್ನು ಮಾಸ್ತರರನ್ನಾಗಿ ಮಾಡಿದ ಸಕಲ ಸಾಮಗ್ರಿಯೂ ಕಡೆಯವರ ಕೈಯಲ್ಲಿ. ಒಳಗೆ ಮಲಗಿರುವುದು ಬರಿಯ ಪೇಷಂಟು. ಅಪ್ಪನ ಕವರಿನಲ್ಲಿ ಒಂದು ವಸ್ತು ಮಾತ್ರ ಬರಲಿಲ್ಲ. ಕೊರಳಲ್ಲಿ ಶಿವದಾರ, ಅದಕ್ಕೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಎದೆಯ ಎಕ್ಸ್‌ರೇಗೆ ಲೋಹ ಅಡ್ಡ ಬರುತ್ತದೆ, ತೆಗೆಯಬೇಕು. ಅಪ್ಪ ಆ ಜ್ವರದಲ್ಲೂ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದರಂತೆ. ಟೆಕ್ನಿಷಿಯನ್ನನಿಗೆ ಅವಸರ, ಇನ್ನೂ ಹಲವು ಎದೆಗಳು ಸಾಲಿನಲ್ಲಿ ಕಾಯುತ್ತಿದ್ದವು. ಕೇರಳದ ಕಡೆಯ ಒಬ್ಬ ಸಿಸ್ಟರ್ ಹೊರಗೆ ಬಂದು, ಆ ಡಬ್ಬಿಯಲ್ಲಿ ಏನಿದೆ, ಕೀಲಿಕೈಯೇ ಎಂದು ಕೇಳಿದಳು. ನಾನು ಹೇಳಿದೆ, ದೇವರು, ಮೈಮೇಲಿಂದ ಅಗಲಿಸುವುದಿಲ್ಲ ಎಂದು. ಆಕೆ ಒಂದು ಗಳಿಗೆ ಯೋಚಿಸಿ, 'ಎದೆ ಮೇಲೆ ಬೇಡ, ಕೈ ಮೇಲೆ ಆಗಬಹುದಾ?' ಎಂದಳು. ಕರಡಿಗೆಯನ್ನು ಗಾಜ್ ಬಟ್ಟೆಯಲ್ಲಿ ಸುತ್ತಿ ಸೂಜಿಯಿಲ್ಲದ ತೋಳಿಗೆ ಟೇಪು ಹಚ್ಚಿ ಕಟ್ಟಿದಳು. ಎಕ್ಸ್‌ರೇಯೂ ಆಯಿತು, ದೇವರೂ ಮೈಮೇಲೇ ಉಳಿದ. ಇಷ್ಟಕ್ಕೆಲ್ಲ ಹಿಡಿದದ್ದು ಒಂದು ಗೇಣಿನಷ್ಟು ಟೇಪು, ನಾಲ್ಕು ನಿಮಿಷ. ಬಿಲ್ಲಿನಲ್ಲಿ ಟೇಪಿನ ಲೆಕ್ಕ ಇತ್ತು, ನಾಲ್ಕು ನಿಮಿಷದ್ದು ಇರಲಿಲ್ಲ.

ಹೊರಗೆ ಕಾಯುವುದಕ್ಕೆ ಈ ಊರಿನಲ್ಲಿ ದೊಡ್ಡ ಪರಂಪರೆಯೇ ಇದೆ. ಹೈದರಾಬಾದಿನ ವೈದ್ಯಕೀಯ ಇತಿಹಾಸ ಎಂದರೆ 1888 ಮತ್ತು 1889ರ ಕ್ಲೋರೋಫಾರ್ಮ್ ಸಮಿತಿಗಳನ್ನು ಹೇಳುತ್ತಾರೆ, 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಬೀಜ ಕಂಡದ್ದನ್ನು ಹೇಳುತ್ತಾರೆ. ಆ ಸೊಳ್ಳೆಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ; ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ ಕೂಲಿ. ಹುಸೇನ್ ಖಾನನ ಕಡೆಯವರು ಯಾರಿದ್ದರು, ಗಂಜಿ ತಂದವರು ಯಾರು, ಸೊಳ್ಳೆ ಕಚ್ಚಿಸಿಕೊಂಡು ತುರಿಸಿಕೊಳ್ಳುವಾಗ 'ಸಾಕು, ಮನೆಗೆ ನಡಿ' ಎಂದವರು ಯಾರು, ಅದು ಯಾವ ವರದಿಯಲ್ಲಿ ಸಿಕ್ಕೀತು? ಕಡೆಯವರಿಗೆ ಸ್ಮಾರಕವೆಂದರೆ ನನ್ನ ಲೆಕ್ಕದಲ್ಲಿ ಒಂದೇ, ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನೇ ಕೊಚ್ಚಿಕೊಂಡು ಹೋದಾಗ ಸುಮಾರು 150 ಜನ ಆ ಮರ ಹತ್ತಿ ಜೀವ ಉಳಿಸಿಕೊಂಡರು. ಈಗಿನ ಆಸ್ಪತ್ರೆ ಬಂದದ್ದು ಅದಾದ ಮೇಲೆ. ಮರ ಮೊದಲೇ ಇತ್ತು, ಕೆಲಸ ಶುರುಮಾಡಿತ್ತು. ಊರೂರಿನಿಂದ ಬಂದು ಬಯಲಿನಲ್ಲೇ ಒಲೆ ಹೂಡಿ, ಅಲ್ಲೇ ಉಂಡು ಅಲ್ಲೇ ಮಲಗುವ ಕಡೆಯವರು ಸರ್ಕಾರದ ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತು. 2022ರಲ್ಲಿ ತೆಲಂಗಾಣ ಸರ್ಕಾರ ನಗರದ 18 ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಸಹಾಯಕರಿಗೆಂದೇ ಐದು ರೂಪಾಯಿಗೆ ಊಟ ಕೊಡುವ ಯೋಜನೆ ತಂದಾಗ ನನಗೆ ಬಹಳ ಖುಷಿಯಾಗಿತ್ತು. ಕಡೆಯವರಿಗೂ ಹೊಟ್ಟೆ ಇದೆ ಎಂಬುದು ಸರ್ಕಾರಿ ಆದೇಶದಲ್ಲಿ ಬಂತಲ್ಲ.

ಹೊಟ್ಟೆಯ ಹಾಗೆ ಕೈಗಳೂ ಇವೆ, ಅವುಗಳಿಗೆ ಕೆಲಸವೂ ಇದೆ. ನಮ್ಮ ಆಸ್ಪತ್ರೆಗಳಲ್ಲಿ ದೊಡ್ಡದು ಸಣ್ಣದು ಯಾವುದೇ ಇರಲಿ, ಶುಶ್ರೂಷೆಯ ಅರ್ಧ ಪಾಲು ಮಾಡುವವರು ಸಂಬಳವಿಲ್ಲದ, ತರಬೇತಿಯಿಲ್ಲದ, ನಿದ್ದೆಯಿಲ್ಲದ ಈ ಜನವೇ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣು ಬೀಳುತ್ತದೆ. ಎಬ್ಬಿಸಿ ನೆಟ್ಟಗೆ ಕೂರಿಸದೆ ಗಂಜಿ ಕುಡಿಸಿದರೆ ಅದು ಹೊಟ್ಟೆಯ ಬದಲು ಶ್ವಾಸಕೋಶದ ದಾರಿ ಹಿಡಿಯುತ್ತದೆ. ಯೂರಿನ್ ಬ್ಯಾಗನ್ನು ಸೊಂಟಕ್ಕಿಂತ ಮೇಲೆ ಎತ್ತಬಾರದು. ಇದೆಲ್ಲ ನನಗೆ ಗೊತ್ತಾದದ್ದು ಪಕ್ಕದ ಬೆಡ್ಡಿನ ಸೊಸೆಯಿಂದ. ಆಕೆಗೆ ಗೊತ್ತಾದದ್ದು ಅದರ ಹಿಂದಿನ ಬೆಡ್ಡಿನ ಮಗನಿಂದ. ಗುರುಪರಂಪರೆ ಹೀಗೆ ಸಾಗುತ್ತದೆ. ಅಧಿಕೃತವಾಗಿ ಆಸ್ಪತ್ರೆ ನಮಗೆ ಕೊಡುವ ಪಾಠ ಒಂದೇ ಶಬ್ದದ್ದು: 'ನೋಡ್ಕೊಳ್ಳಿ.'

ಇದನ್ನು ಪಾಠವಾಗಿಯೇ ಹೇಳಬಹುದು ಎಂದು ತೋರಿಸಿಕೊಟ್ಟದ್ದು ನಮ್ಮ ಬೆಂಗಳೂರೇ. ನಾರಾಯಣ ಹೃದಯಾಲಯದಲ್ಲಿ ಹೃದಯದ ಆಪರೇಷನ್ ಆದವರ ಮನೆಯವರನ್ನು ವಾರ್ಡಿನಲ್ಲೇ ಗುಂಪಾಗಿ ಕೂರಿಸಿ ಗಾಯ ಹೇಗೆ ನೋಡಬೇಕು, ಕೈ ಹೇಗೆ ತೊಳೆಯಬೇಕು, ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂದು ಹೇಳಿಕೊಡುವ ಕ್ರಮ ಮೊದಲಾಯಿತು. ಅದರಿಂದ ಬೆಳೆದ ನೂರಾ ಹೆಲ್ತ್ ಎಂಬ ಸಂಸ್ಥೆ 2014ರಿಂದೀಚೆಗೆ ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಿಗೂ ಈ ತರಗತಿಗಳನ್ನು ಒಯ್ದಿದೆ. ಕಾರಿಡಾರಿನಲ್ಲಿ ಸುಮ್ಮನೆ ಕೂತವರಿಗೆ ಬಿಡುವೇನೂ ಕಡಿಮೆಯಿರುವುದಿಲ್ಲ. ಒಂದು ಬೋರ್ಡು, ಒಂದು ಗೊಂಬೆ, ಅರ್ಧ ಗಂಟೆ ಮಾತಾಡುವ ಒಬ್ಬ ಸಿಸ್ಟರು ಇದ್ದರೆ ಸಾಕು. ನಾನಂತೂ ನೋಟ್ಸ್ ಬರೆದುಕೊಳ್ಳುತ್ತಿದ್ದೆ.

ಪಾಠ ಹೇಳಲು ಜನವೇ ಇಲ್ಲವೆಂದು ಅಂದುಕೊಳ್ಳಬೇಡಿ. ಸಂಜೆ ಐದಾಗಲಿ, ತಾವಾಗಿಯೇ ಬರುತ್ತಾರೆ. ಅಪ್ಪನನ್ನು ಐಸಿಯುನಿಂದ ಇಬ್ಬರ ರೂಮಿಗೆ ಹಾಕಿದ ಸುದ್ದಿ ಕಾಚಿಗುಡದ ಕನ್ನಡ ಬಳಗಕ್ಕೆ ಹೇಗೆ ತಲುಪಿತೋ, ರಾಜ್ಯೋತ್ಸವದ ಸಭೆಗೆ ಬರದವರೂ ಇಲ್ಲಿಗೆ ಬಂದರು. ಎಲ್ಲರ ಕೈಯಲ್ಲೂ ಎಳನೀರು. ಅಪ್ಪನಿಗೆ ಪೊಟ್ಯಾಸಿಯಂ ಹೆಚ್ಚಿದೆ, ಎಳನೀರು ಮುಟ್ಟಬಾರದೆಂದು ಗೋಡೆಯ ಮೇಲೇ ಬರೆದಿತ್ತು. ಹೀಗಾಗಿ ಕಡೆಯವರು ಕುಡಿದು ಕುಡಿದು ತಂಪಾದೆವು. ಬಂದವರಲ್ಲಿ ಎರಡು ಬಗೆ. ಒಬ್ಬರು, 'ಏನೂ ಆಗಿಲ್ಲ ಮಾಸ್ತರ್ರ, ನಾಳಿ ಎದ್ದು ಓಡಾಡ್ತೀರಿ' ಎನ್ನುವವರು. ಓಡಾಡುವುದಿರಲಿ, ಅಪ್ಪ ಕೆಮ್ಮುವುದಕ್ಕೂ ನನ್ನ ಭುಜ ಹಿಡಿಯುತ್ತಿದ್ದರು. ಇನ್ನೊಬ್ಬರು, 'ನಮ್ಮ ಬೀಗರಿಗೂ ಥೇಟ್ ಹಿಂಗೇ ಆಗಿತ್ತು' ಎಂದು ಶುರುಮಾಡಿ, ಅರ್ಧ ದಾರಿಯಲ್ಲಿ ಬೀಗರು ಉಳಿಯಲಿಲ್ಲವೆಂಬುದು ನೆನಪಾಗಿ, ಬೀಗರ ಹೊಲದ ವ್ಯಾಜ್ಯಕ್ಕೆ ಮಾತು ತಿರುಗಿಸುವವರು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇಂಥವರಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾಳೆ: ರೋಗಿಯ ಹತ್ತಿರ ಕೂತು ಹುಸಿ ಧೈರ್ಯವನ್ನೂ ಬಿಟ್ಟಿ ಸಲಹೆಯನ್ನೂ ಸುರಿಯುವ ಬಂಧುಮಿತ್ರರ ಬಗ್ಗೆ. ರೋಗಿಗೆ ಅರ್ಧ ಕೇಳುವ ಹಾಗೆ ಪಿಸುಗುಡುವವರ ಮೇಲೂ ಆಕೆಗೆ ಕೋಪ. ಲಂಡನ್ನಿನಲ್ಲಿ ಕೂತು ಆಕೆ ನಮ್ಮ ಸೋದರತ್ತೆಯನ್ನು ಹೇಗೆ ಕಂಡಳೋ! ಅತ್ತೆಯ ಪಿಸುಮಾತು ಲಿಫ್ಟಿನವರೆಗೆ ಕೇಳುತ್ತದೆ.

ಆದರೆ ನಾನು ನೈಟಿಂಗೇಲಳಷ್ಟು ಕಠಿಣಳಲ್ಲ. ಆ ಎಳನೀರಿನವರಲ್ಲೇ ಒಬ್ಬರು, ನನ್ನನ್ನು ಒಂದು ಮಾತೂ ಕೇಳದೆ, 'ನೀ ಮನಿಗೆ ಹೋಗಿ ಸ್ನಾನ ಮಾಡಿ ಎರಡು ತಾಸು ಮಲಕ್ಕೊಂಡು ಬಾ ತಂಗಿ, ನಾ ಕೂಡ್ತೀನಿ' ಎಂದು ಆ ಪ್ಲಾಸ್ಟಿಕ್ ಕುರ್ಚಿಯನ್ನು ನನ್ನಿಂದ ಕಸಿದುಕೊಂಡರು. ಆಮೇಲೆ ನಾನು ಯಾರನ್ನು ನೋಡಲು ಹೋದರೂ ಇದನ್ನೇ ಒಯ್ಯುತ್ತೇನೆ, ಎರಡು ತಾಸು. ಎಳನೀರಿಗಿಂತ ಸೋವಿ, ಪೊಟ್ಯಾಸಿಯಂ ಸಹ ಇಲ್ಲ.

ಇನ್ನು ನನ್ನ ತಮ್ಮ. ಅವನು ಅಮೆರಿಕದ ಡಲ್ಲಾಸಿನಲ್ಲಿ ಇದ್ದಾನೆ. ಇಲ್ಲಿ ರಾತ್ರಿಯಾದರೆ ಅಲ್ಲಿ ಬೆಳಗು; ಬೆಳಗಾದದ್ದೇ ಅವನ ಕರುಳು ಎಚ್ಚರಾಗುತ್ತದೆ. ಕ್ರಿಯಾಟಿನಿನ್ ಎಷ್ಟು, ಆ ಆಂಟಿಬಯಾಟಿಕ್ ಯಾಕೆ, ಸೆಕೆಂಡ್ ಒಪೀನಿಯನ್ ತಗೊಂಡಿರಾ, ಡಾಕ್ಟರಿಗೆ ಫೋನ್ ಕೊಡು. ಡ್ಯೂಟಿ ಡಾಕ್ಟರು ಅವನ ವಿಡಿಯೋ ಕಾಲ್ ಕಂಡರೆ ಸ್ಟೋರ್ ರೂಮಿಗೆ ಹೋಗಿ ನಿಲ್ಲುತ್ತಿದ್ದರು. ದೂರದಿಂದ ಕೊನೆಗೆ ಬಂದಿಳಿದು ಎಲ್ಲರನ್ನೂ ಗದರಿಸಿ ಎಲ್ಲ ತೀರ್ಮಾನವನ್ನೂ ತಿರುಗಿಸುವ ಮಕ್ಕಳಿಗೆ 1991ರಲ್ಲೇ ಅಮೆರಿಕದ ವೃದ್ಧವೈದ್ಯದ ಪತ್ರಿಕೆಯೊಂದರಲ್ಲಿ ಡಾಕ್ಟರುಗಳು 'ಕ್ಯಾಲಿಫೋರ್ನಿಯಾದ ಮಗಳು' ಎಂದು ಹೆಸರಿಟ್ಟು, ಅದನ್ನೊಂದು ರೋಗಲಕ್ಷಣದ ಮಟ್ಟಕ್ಕೆ ಏರಿಸಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಅದೇ ರೋಗಕ್ಕೆ 'ನ್ಯೂಯಾರ್ಕಿನ ಮಗಳು' ಎನ್ನುತ್ತಾರಂತೆ. ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು, ನಿಜ. ಆದರೆ ಒಂದು ಬೆಳಗಿನ ಜಾವ ಅವನು ಏನನ್ನೂ ಕೇಳದೆ, 'ಅಪ್ಪ ಉಸಿರಾಡೋದು ಕೇಳಸ್ತದನು? ಫೋನ್ ಹತ್ರ ಇಡಕ್ಕಾ' ಎಂದ. ದಿಂಬಿನ ಪಕ್ಕ ಇಟ್ಟೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕ್ರಿಯಾಟಿನಿನ್ ಕೇಳುವವನಿಗೆ ಕೇಳಬೇಕಾದದ್ದು ಕ್ರಿಯಾಟಿನಿನ್ ಆಗಿರಲಿಲ್ಲ ಎಂದು ತಿಳಿದ ಮೇಲೆ ನಾನು ಅವನ ಪ್ರಶ್ನೆಗಳಿಗೆಲ್ಲ ಸಮಾಧಾನದಿಂದ ಉತ್ತರ ಕೊಡತೊಡಗಿದೆ.

ಡಾಕ್ಟರ ರೌಂಡ್ಸಿನ ಬಗ್ಗೆ ಹೇಳಲೇಬೇಕು. ದೊಡ್ಡ ಡಾಕ್ಟರು ಬರುವುದು ಮುಂಗಾರಿನ ಹಾಗೆ. ಬರುತ್ತಾರೆಂದು ಬೆಳಗಿನಿಂದ ಎಲ್ಲರೂ ಬಾಗಿಲ ಕಡೆ ನೋಡುತ್ತಿರುತ್ತೇವೆ, ಬಂದದ್ದು ತಿಳಿಯುವಷ್ಟರಲ್ಲಿ ಮುಂದಿನ ಊರಿಗೆ ಹೋಗಿರುತ್ತಾರೆ. ಕೇಳಬೇಕೆಂದು ಚೀಟಿಯಲ್ಲಿ ಬರೆದಿಟ್ಟ ಪ್ರಶ್ನೆಗಳು ಚೀಟಿಯಲ್ಲೇ ಉಳಿಯುತ್ತವೆ. ನಮ್ಮ ರೂಮಿಗೆ ಬರುತ್ತಿದ್ದವರಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಮಾತ್ರ ಕಾಲಿನಿಂದ ಸ್ಟೂಲು ಎಳೆದುಕೊಂಡು ಕೂತುಬಿಡುತ್ತಿದ್ದರು. ಅಪ್ಪನ ಕೈಯನ್ನು ಹಿಡಿದೇ ಮಾತು. ಅಪ್ಪ ಸಂಜೆಗೆ ಎಲ್ಲರೆದುರು, 'ಆ ಹುಡುಗ ಅರ್ಧ ತಾಸು ಕುಂತಿದ್ದ' ಎನ್ನುವರು. ನಾನು ಗಡಿಯಾರ ನೋಡಿದ್ದೆ, ಎರಡು ನಿಮಿಷವೂ ಇಲ್ಲ. ಇದು ಅಪ್ಪನ ಮರೆವೇನಲ್ಲ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಬೆನ್ನಿನ ಆಪರೇಷನ್ ಆದವರ ಮೇಲೆ ಇದನ್ನೇ ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ್ದಾರೆ: ಡಾಕ್ಟರು ಕೂತು ಒಂದು ನಿಮಿಷದ ಆಸುಪಾಸು ಮಾತಾಡಿದರೆ ರೋಗಿಗಳಿಗೆ ಐದು ನಿಮಿಷ ಇದ್ದರೆಂದು ಅನಿಸಿತ್ತು, ನಿಂತು ಅದಕ್ಕಿಂತ ತುಸು ಹೆಚ್ಚೇ ಹೊತ್ತು ಮಾತಾಡಿದರೂ ಅಷ್ಟು ಅನಿಸಲಿಲ್ಲ. ಸ್ಕ್ಯಾನಿಂಗ್ ಮಷಿನ್ನಿಗೆ ಕೋಟಿ ಹಾಕುವವರು ಬೆಡ್ಡಿಗೊಂದು ಸ್ಟೂಲು ಹಾಕಲು ಯಾಕೆ ಹಿಂಜರಿಯುತ್ತಾರೋ ತಿಳಿಯದು. ಇದ್ದ ಒಂದು ಸ್ಟೂಲಿನ ಮೇಲೆ ಕಡೆಯವರು ಟಿಫಿನ್ ಡಬ್ಬಿ ಇಟ್ಟಿರುತ್ತಾರೆ ಎಂಬುದೂ ಒಂದು ಕಾರಣವಿರಬೇಕು.

ಡಾಕ್ಟರೇ ಆಗಿ ನಗಿಸುವುದನ್ನೂ ಕಸುಬಾಗಿ ಹಿಡಿದವರು ಕನ್ನಡದಲ್ಲಿ ಇದ್ದರು. 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ, 1942ರಲ್ಲಿ 'ಕೊರವಂಜಿ' ಶುರುಮಾಡಿದವರು. ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಅವರಿಗೇ.  ಅವರು ಈಗ ಇದ್ದಿದ್ದರೆ ರಾತ್ರಿ ಎರಡು ಗಂಟೆಗೆ ಅಪ್ಪ ತೆಗೆದುಕೊಂಡ ಹಾಜರಿ ಅವರ ಪತ್ರಿಕೆಗೆ ಹೇಳಿಮಾಡಿ‌ಸಿದ ಸರಕಾಗುತ್ತಿತ್ತು.

ರೂಮಿಗೆ ಬಂದ ಮೇಲಿನ ಮಾತು. ಪಕ್ಕದ ಬೆಡ್ಡಿನಲ್ಲಿ ಸುಲ್ತಾನ್ ಬಜಾರಿನಲ್ಲಿ ಶೇರ್ವಾನಿ ಹೊಲಿಯುತ್ತಿದ್ದ ಒಬ್ಬ ಹಿರಿಯ ಸಾಹೇಬರು, ತೊಡೆಯ ಮೂಳೆ ಮುರಿದುಕೊಂಡು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದರು. ನಡುರಾತ್ರಿ ಅಪ್ಪ ಎದ್ದು ಕೂತರು. ಮೂಗಿನ ನಳಿಕೆ ಕಿತ್ತು ಹಾಕಿದ್ದಾರೆ. ಕಣ್ಣಿನಲ್ಲಿ ನಾನು ಚಿಕ್ಕಂದಿನಿಂದ ಹೆದರಿದ ಆ ನೋಟ. 'ಯಾಕ ಗದ್ಲ ಮಾಡ್ಲತ್ತೀರಿ? ಎಲ್ಲಾರೂ ಕೂಡ್ರಿ' ಎಂದರು. ರೂಮಿನಲ್ಲಿ ಸದ್ದು ಮಾಡುತ್ತಿದ್ದದ್ದು ಮಾನಿಟರು ಒಂದೇ. ನಾನು ಕೂತೆ. ಓಡಿಬಂದ ಸಿಸ್ಟರೂ ಏನೂ ತೋಚದೆ ಬಾಗಿಲಲ್ಲೇ ನಿಂತಳು. ಅಪ್ಪ ರಿಜಿಸ್ಟರು ಬಿಡಿಸಿದರು. ಹೊದಿಕೆಯ ಅಂಚೇ ರಿಜಿಸ್ಟರು. 'ಅಂಬಾರಾಯ. ಶರಣಪ್ಪ. ಲಾಲಪ್ಪ. ಎಲ್ಲಿ ಹೋಗ್ಯಾರ ಎಲ್ಲಾರೂ?' ಧ್ವನಿ ನಡುಗತೊಡಗಿತು. ಡ್ಯೂಟಿ ಡಾಕ್ಟರು ಬಂದು, ಹೀಗೇ ಮಾಡಿದರೆ ಕೈ ಕಟ್ಟಬೇಕಾಗುತ್ತದೆ, ಇಂಜೆಕ್ಷನ್ ಕೊಡಬೇಕಾಗುತ್ತದೆ ಎನ್ನುತ್ತಿದ್ದರು. ಅಷ್ಟರಲ್ಲಿ ಅಪ್ಪ, 'ಮಹಿಬೂಬ್' ಎಂದರು.

ಪರದೆಯ ಆ ಕಡೆಯಿಂದ, 'ಹಾಜಿರ್, ಮಾಸ್ಟರ್ ಸಾಬ್!' ಎಂದು ಬಂತು.

ಅಪ್ಪ ತಿರುಗಿ ನೋಡಿದರು. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವರಲ್ಲವೇ, ಅದೇ ಭಾಷೆಯಲ್ಲಿ, 'ಖಡೇ ಹೋಕೆ ಬೋಲೋ' ಎಂದು ಗದರಿದರು.

'ಪಾಂವ್ ಟೂಟಾ ಹೈ ಸಾಬ್, ಮಾಫ್ ಕರ್ನಾ.'

ಅಪ್ಪ ಸ್ವಲ್ಪ ಯೋಚಿಸಿ, ಮಾಸ್ತರರ ಔದಾರ್ಯದಿಂದ, 'ಠೀಕ್ ಹೈ, ಲೇಟೇಚ್ ರಹೋ' ಎಂದರು. ಆಮೇಲೆ ಕರೆದ ಹೆಸರಿಗೆಲ್ಲ ಸಾಹೇಬರು ಬೇರೆಬೇರೆ ಧ್ವನಿಯಲ್ಲಿ ಹಾಜರಿ ಹಾಕಿದರು. ಲಾಲಪ್ಪನಿಗೆ ಒಂದು ಸಣ್ಣ ಕೆಮ್ಮೂ ಸೇರಿಸಿದರು. ಇಡೀ ತರಗತಿ ಬಂದಿದೆ ಎಂದು ಖಾತ್ರಿಯಾದ ಮೇಲೆ ಅಪ್ಪ ಮಲಗಿದರು. ಸಿಸ್ಟರು ಮೆಲ್ಲನೆ ಆಕ್ಸಿಜನ್ ನಳಿಕೆ ಏರಿಸಿದಳು. ಡಾಕ್ಟರ ಕೈಯಲ್ಲಿದ್ದ ಇಂಜೆಕ್ಷನ್ನು ಹಾಗೇ ಹಿಂದಕ್ಕೆ ಹೋಯಿತು.

ಹಳಬರು ಇದನ್ನು ಸನ್ನಿ ಎನ್ನುತ್ತಿದ್ದರು, ಡಾಕ್ಟರು ಡೆಲಿರಿಯಮ್ ಎಂದರು. ವಯಸ್ಸಾದವರು ಆಸ್ಪತ್ರೆಗೆ ಸೇರಿದರೆ ಬಹಳ ಸಾಮಾನ್ಯ. ಜ್ವರ, ನಿದ್ದೆಗೇಡು, ಔಷಧಿ, ಗುರುತಿಲ್ಲದ ಜಾಗ, ಹಗಲು ರಾತ್ರಿಯ ಅರಿವಿಲ್ಲದ ಟ್ಯೂಬ್‌ಲೈಟು ಎಲ್ಲ ಸೇರಿ ತಲೆ ಕದಡುತ್ತವೆ. ಶೆರನ್ ಇನೂಯೆ ಎಂಬ ಅಮೆರಿಕದ ವೈದ್ಯೆ ಎಪ್ಪತ್ತು ದಾಟಿದ 852 ರೋಗಿಗಳ ಮೇಲೆ ಅಧ್ಯಯನ ಮಾಡಿ 1999ರಲ್ಲಿ ಅದನ್ನು ತಡೆಯುವ ದಾರಿ ತೋರಿಸಿದರು. ಮಾಮೂಲಿ ಆರೈಕೆಯಲ್ಲಿ ನೂರಕ್ಕೆ 15 ಜನಕ್ಕೆ ಆಗುತ್ತಿದ್ದ ಈ ಭ್ರಮೆ ಅವರ ಕ್ರಮದಲ್ಲಿ 10ಕ್ಕಿಂತ ತುಸು ಕೆಳಗೆ ಇಳಿಯಿತು. ಅಂಥ ಮಹಾ ಔಷಧಿ ಯಾವುದು ಎಂದರೆ: ಕನ್ನಡಕ ಹಾಕಿಸುವುದು, ಕಿವಿಯ ಮಷಿನ್ ಇಡುವುದು, ಇವತ್ತು ಯಾವ ದಿನ, ನೀವು ಎಲ್ಲಿದ್ದೀರಿ ಎಂದು ಹೇಳುತ್ತಿರುವುದು, ಎಬ್ಬಿಸಿ ನಡೆಸುವುದು, ನೀರು ಕುಡಿಸುವುದು, ರಾತ್ರಿ ನಿದ್ದೆ ಗುಳಿಗೆಯ ಬದಲು ಬಿಸಿ ಹಾಲು ಕೊಟ್ಟು ಬೆನ್ನು ತಿಕ್ಕುವುದು. ನಮ್ಮ ಅಜ್ಜಿ ಓದು ಬಾರದವಳಾದರೂ ಈ ಪ್ರಬಂಧಕ್ಕೆ ಸಹಲೇಖಕಿಯಾಗಬಹುದಿತ್ತು. ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ, ಆ ಪ್ಲಾಸ್ಟಿಕ್ ಕವರನ್ನು ಬಿಚ್ಚಿ ಅಪ್ಪನ ಸಾಮಾನನ್ನು ಅಪ್ಪನಿಗೆ ತೊಡಿಸಿದ್ದು. ಕನ್ನಡಕ ಏರಿದ್ದೇ, 'ಇವರ್ಯಾರು?' ಎಂದು ಪಕ್ಕಕ್ಕೆ ನೋಡಿದರು. ಸಾಹೇಬರು ಸಲಾಮು ಮಾಡಿ, 'ಆಪ್ ಕಾ ಶಾಗಿರ್ದ್' ಎಂದರು, ನಿಮ್ಮ ಶಿಷ್ಯ.

ಹಲ್ಲಿನ ಸೆಟ್ಟು ಬಂದದ್ದೇ ಅಪ್ಪನಿಗೆ ರೊಟ್ಟಿ ನೆನಪಾಯಿತು. ಆಸ್ಪತ್ರೆಯಿಂದ ಬರುತ್ತಿದ್ದುದು ಉಪ್ಪಿಲ್ಲದ ಇಡ್ಲಿ, ಹೆಸರಿಲ್ಲದ ಸೂಪು. 'ಜ್ವಾಳದ್ದು ಏನರೆ ಕೊಡ್ರಿ' ಎಂದು ಅಪ್ಪ. ಆಗುವುದಿಲ್ಲ, ಚಾರ್ಟಿನಲ್ಲಿ ಇಲ್ಲ ಎಂದು ಡಯಟೀಶಿಯನ್ ಹುಡುಗಿ. ಈ ವಾದ ನಡೆಯುತ್ತಿದ್ದದ್ದು ರಾಷ್ಟ್ರೀಯ ಪೋಷಣ ಸಂಸ್ಥೆಗೆ ಕೂಗಳತೆಯಲ್ಲಿ. 1918ರಲ್ಲಿ ಕೂನೂರಿನಲ್ಲಿ ಒಂದು ಕೋಣೆಯಲ್ಲಿ ಹುಟ್ಟಿ, 1958ರಲ್ಲಿ ನಮ್ಮ ತಾರ್ನಾಕಕ್ಕೆ ಬಂದ ಸಂಸ್ಥೆ ಅದು. ಗೋಪಾಲನ್ ಮತ್ತು ಅವರ ಜೊತೆಗಾರರು 1971ರಲ್ಲಿ ಅಲ್ಲಿಂದ ತಂದ ಭಾರತೀಯ ಆಹಾರಗಳ ಪೌಷ್ಟಿಕ ಮೌಲ್ಯದ ಪುಸ್ತಕ ನಮ್ಮ ಮನೆಯಲ್ಲೇ ಇತ್ತು. ತಂದು ತೆರೆದು ತೋರಿಸಿದೆ: ನೂರು ಗ್ರಾಂ ಜೋಳದಲ್ಲಿ ಪ್ರೋಟೀನು 10.4 ಗ್ರಾಂ, ಶಕ್ತಿ 349 ಕ್ಯಾಲೊರಿ. ಹುಡುಗಿ ಒಳ್ಳೆಯವಳು. ಪುಸ್ತಕಕ್ಕೆ ಸೋಲದೆ ಅಪ್ಪನ ಮುಖಕ್ಕೆ ಸೋತಳು. ರೊಟ್ಟಿ ಬೇಡ, ತೆಳ್ಳಗೆ ಜೋಳದ ಗಂಜಿ ಮಾಡಿ ತನ್ನಿ, ನಾನು ಚಾರ್ಟಿನಲ್ಲಿ 'ಮಿಲೆಟ್ ಪಾರಿಡ್ಜ್' ಎಂದು ಬರೆಯುತ್ತೇನೆ ಎಂದಳು. ಅಂದಿನಿಂದ ಅಪ್ಪ ಬಾಯಿ ತೆರೆದರು. ಸಾಹೇಬರಿಗೂ ಒಂದು ಬಟ್ಟಲು ಹೋಗುತ್ತಿತ್ತು; ಅದನ್ನು ಯಾವ ಚಾರ್ಟಿನಲ್ಲೂ ಬರೆಯಲಿಲ್ಲ.

ಬಿಲ್ಲಿನ ವಿಷಯ ಬೇಡ. ಬೆಳಿಗ್ಗೆ ಡಿಸ್ಚಾರ್ಜ್ ಎಂದರೆ ಸಂಜೆಗೆ ಎಂಬುದು ಇನ್ಶೂರೆನ್ಸ್ ಇದ್ದವರಿಗೆಲ್ಲ ಗೊತ್ತು. ಆ ನಡುವಿನ ಹೊತ್ತಿನಲ್ಲಿ ಒಬ್ಬ ಹುಡುಗ ಟೈ ಕಟ್ಟಿಕೊಂಡು ಬಂದು ಅಪ್ಪನ ಕೈಗೆ ಒಂದು ಫಾರ್ಮು ಕೊಟ್ಟ. ಡಾಕ್ಟರು, ನರ್ಸಿಂಗು, ಊಟ, ಸ್ವಚ್ಛತೆ, ಬಿಲ್ಲಿಂಗು. ಒಂದೊಂದಕ್ಕೂ ಐದರಲ್ಲಿ ಎಷ್ಟು ಎಂದು ಗುರುತು ಹಾಕಬೇಕು. ನಿವೃತ್ತ ಮಾಸ್ತರರ ಕೈಗೆ ಮಾರ್ಕ್ಸ್ ಹಾಕುವ ಕಾಗದ ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ಅಪ್ಪ ಎದ್ದು ಕೂತು, ದಿಂಬು ಸರಿಮಾಡಿಸಿಕೊಂಡು, ಕೆಂಪು ಪೆನ್ನು ಕೇಳಿದರು. ಡಾಕ್ಟರಿಗೆ ಮೂರೂವರೆ. ಊಟಕ್ಕೆ ಒಂದು, ಅದೂ ಗಂಜಿಗೆ ಅನುಮತಿ ಕೊಟ್ಟದ್ದಕ್ಕೆ. ನರ್ಸಿಂಗಿಗೆ ನಾಲ್ಕು. ಸಿಸ್ಟರ ಮುಖ ಸಣ್ಣಗಾಯಿತು. 'ತಾತಾ, ಐದಕ್ಕಿಂತ ಕಡಿಮೆ ಬಂದರೆ ನಮ್ಮನ್ನು ಮೀಟಿಂಗಿಗೆ ಕರೆದು ಬೈತಾರೆ' ಎಂದಳು. 'ನಾಕು ಅಂದ್ರ ನೂರಕ್ಕ ಎಂಬತ್ತು, ಡಿಸ್ಟಿಂಕ್ಷನ್ ಅದ' ಎಂದು ಅಪ್ಪನಿಗೆ ಆಶ್ಚರ್ಯ. ಭಾಷೆಯ ವಿಷಯಕ್ಕೆ ತಮ್ಮ ಸರ್ವೀಸಿನಲ್ಲಿ ಯಾರಿಗೂ ಪೂರ್ತಿ ಕೊಟ್ಟವರಲ್ಲ. ಕೊನೆಗೆ ಇಷ್ಟಲಿಂಗ ಉಳಿಸಿಕೊಟ್ಟದ್ದು ನೆನಪಾಗಿ, ಗ್ರೇಸ್ ಮಾರ್ಕು ಎಂದು ಪಕ್ಕದಲ್ಲಿ ಬರೆದು, ಇನ್ನೊಂದು ಸೇರಿಸಿದರು.

ಆಮೇಲೆ ಸ್ವಚ್ಛತೆಗೆ ಬಂದರು. ಇದು ಕಟ್ಟಡಕ್ಕೋ, ಮನುಷ್ಯರಿಗೋ ಎಂದು ಕೇಳಿದರು. ಟೈ ಹುಡುಗನಿಗೆ ಗೊತ್ತಿರಲಿಲ್ಲ. ರಾತ್ರಿ ಎಷ್ಟು ಸಲ ಹಾಸಿಗೆ ಕೆಟ್ಟರೂ, ಮುಖ ಸಿಂಡರಿಸದೆ, 'ಏಮೀ ಕಾದು ಅಯ್ಯಾ' ಎನ್ನುತ್ತ ಒರೆಸಿ ಬದಲಿಸಿ ಹೋಗುತ್ತಿದ್ದ ಆಯಮ್ಮ ಇದ್ದಳಲ್ಲ, ಆಕೆಯ ಹೆಸರೇನು? ಸಿಸ್ಟರಿಗೂ ಗೊತ್ತಿಲ್ಲ, ಎಲ್ಲರೂ ಆಯಮ್ಮ ಎನ್ನುವರು. ಕರೆಸಿದರು. ಕೆಂಪು ಪೆನ್ನು, ಕಾಗದ, ಟೈ ಕಂಡದ್ದೇ ಆಕೆ ಬಾಗಿಲಲ್ಲೇ ನಿಂತು, ಏನು ತಪ್ಪಾಯಿತು ಸಾರ್ ಎಂದು ತೆಲುಗಿನಲ್ಲಿ ಕೇಳಿದಳು. ತಪ್ಪೇನಿಲ್ಲ, ಐದಕ್ಕೆ ಐದು ಕೊಡುತ್ತಿದ್ದಾರೆ, ಹೆಸರು ಹೇಳು ಎಂದೆ. ಆಕೆ ಇನ್ನಷ್ಟು ಹೆದರಿದಳು. ತಾನು ಕಾಂಟ್ರಾಕ್ಟಿನವಳು, ಒಳ್ಳೆಯದೋ ಕೆಟ್ಟದ್ದೋ ಹೆಸರು ಆಫೀಸಿಗೆ ಹೋದರೆ ಕಾಂಟ್ರಾಕ್ಟರು ಯಾಕೆ ಹೋಯಿತೆಂದು ಕೇಳುತ್ತಾನೆ, ಬರೆಯಲೇಬೇಕಾದರೆ ಮೂರನೇ ಅಂತಸ್ತು ಎಂದು ಬರೆಯಿರಿ ಎಂದು ಕೈಮುಗಿದಳು.

ಅಪ್ಪ ಹಾಗೆಯೇ ಬರೆದರು: 'ಮೂರನೇ ಅಂತಸ್ತು, ರಾತ್ರಿ ಪಾಳಿ, 5/5.' ಕೆಳಗೆ ಗೆರೆ ಎಳೆದು ಸಹಿ ಹಾಕಿದರು. ನಾವು ವ್ಹೀಲ್‌ಚೇರು ತಳ್ಳಿಕೊಂಡು ಲಿಫ್ಟಿನ ಹತ್ತಿರ ಬರುವಷ್ಟರಲ್ಲಿ ಮೂರನೇ ಅಂತಸ್ತಿನ ಫ್ಲೋರ್ ಮ್ಯಾನೇಜರು, ಇಬ್ಬರು ಸಿಸ್ಟರುಗಳು, ಅದುವರೆಗೆ ನಾವು ಮುಖವನ್ನೇ ನೋಡಿರದ ಒಬ್ಬ ಸೂಪರ್‌ವೈಸರು ಓಡಿಬಂದು ಅಪ್ಪನ ಕೈಕುಲುಕಿ ಧನ್ಯವಾದ ಹೇಳಿದರು. ಆಯಮ್ಮ ಆ ಹೊತ್ತಿಗೆ ನಮ್ಮ ಬೆಡ್ಡಿನ ಚಾದರ ಎತ್ತಿಕೊಂಡು ಮುಂದಿನ ಪೇಷಂಟಿನ ಕಡೆಯವರಿಗೆ ಕುರ್ಚಿ ಎಲ್ಲಿಡಬೇಕೆಂದು ಹೇಳಿಕೊಡುತ್ತಿದ್ದಳು.